ಕಹಿಗಿಡವೂ ಗಾಜಿನ ಜಾಡಿಯೂ

ಮದ್ದಿನ ಗಿಡಗಳನ್ನು ಪರೀಕ್ಷಿಸುವ ಪ್ರಯೋಗಾಲಯವೊಂದರ ಕಿಟಕಿಯಲ್ಲಿ ಮಾಚಿಪತ್ರೆಯ ಬಳಗದ ಒಂದು ಕಹಿಗಿಡವಿತ್ತು. ಎದುರಿನ ಬೋನಿನಲ್ಲಿ ಚಳಿಜ್ವರ ಹಿಡಿದು ನಡುಗುತ್ತಿದ್ದ ಇಲಿಯನ್ನು ಕಂಡಾಗಲೆಲ್ಲ ಗಿಡದ ಕರುಳು ಚುರುಕ್ಕೆನ್ನುತ್ತಿತ್ತು. ಆದರೆ ಅದರ ಎಲೆಯ ಕಷಾಯವನ್ನು ಎಷ್ಟು ಸಲ ಕುಡಿಸಿದರೂ ಇಲಿಯ ಜ್ವರ ಇಳಿಯಲಿಲ್ಲ.

"ಮೂರು ಸಲ ಕೊತಕೊತ ಕುದಿಸಿದೆ. ನಿನ್ನಲ್ಲಿ ಕಹಿಯ ಹೊರತು ಬೇರೇನೂ ಇಲ್ಲ," ಎಂದಿತು ಕಷಾಯ ಕಾಯಿಸುವ ತಾಮ್ರದ ಪಾತ್ರೆ. "ಈ ವಾರ ಕಳೆದರೆ ನಿನ್ನನ್ನು ಕಿತ್ತೆಸೆಯುತ್ತಾರೆ."

"ಅಣ್ಣಾ, ಇರುವುದನ್ನೆಲ್ಲ ನಿನ್ನ ಕಾವೇ ಕೆಡಿಸುತ್ತಿದೆ," ಎಂದಿತು ಗಿಡ.

"ಎಷ್ಟೋ ಬೇರುಗಳು ನನ್ನಲ್ಲಿ ಕುದ್ದು ಗುಣ ಬಿಟ್ಟುಕೊಟ್ಟಿವೆ. ನಿನಗೊಬ್ಬಳಿಗೆ ಬೇರೆ ಮರ್ಯಾದೆಯೇ?"

ಪಕ್ಕದಲ್ಲಿದ್ದ ಗಾಜಿನ ಜಾಡಿ ಈ ಮಾತು ಕೇಳಿ ಗಿಡದತ್ತ ತಿರುಗಿತು. "ತಂಗೀ, ನಿನ್ನ ಮದ್ದು ಕೆಡದಂತೆ ಪಡೆಯಲು ಏನು ಮಾಡಬೇಕು?"

ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಗಿಡ ಜಾಡಿಯತ್ತ ಬಾಗಿತು. "ಬೆಂಕಿ ಬೇಡಕ್ಕಾ. ತಣ್ಣಗೆ ನೆನೆಸಿಡು, ಒಂದು ದಿನ ತಾಳು."

ಜಾಡಿ ತನ್ನೊಳಗಿನ ತಣ್ಣನೆಯ ದ್ರವಕ್ಕೆ ಎಲೆಗಳನ್ನು ಬರಮಾಡಿಕೊಂಡು ಇಡೀ ದಿನ ಅಲುಗದೆ ಕಾದು ಕುಳಿತಿತು. ಮರುದಿನ ಆ ಸಾರ ಇಲಿಯ ಹೊಟ್ಟೆ ಸೇರಿತು. ಸಂಜೆಯ ಹೊತ್ತಿಗೆ ನಡುಕ ನಿಂತಿತು. ಮೂರನೆಯ ದಿನ ಇಲಿ ಎದ್ದು, ಕಾಳು ಮುಕ್ಕಿ, ಬೋನಿನ ಚಕ್ರ ಹತ್ತಿ ಗಿರಗಿರನೆ ಓಡಿತು. ಅದನ್ನು ನೋಡಿ ಕಹಿಗಿಡದ ಒಂದೊಂದು ಎಲೆಯೂ ಕುಣಿಯಿತು.

ತಾಮ್ರದ ಪಾತ್ರೆ ಹೇಳಿತು: "ಜಾಡಿ, ಇನ್ನು ಹೊಸ ಗಿಡ ಬಂದರೆ ಮೊದಲು ನೀನು ಮಾತನಾಡಿಸು. ಕುದಿಯಲು ಒಪ್ಪಿದವರನ್ನಷ್ಟೇ ನನ್ನ ಬಳಿಗೆ ಕಳಿಸು."