ಕಾಶಿಗೆ ಹೋದ ಬಿಂದಿಗೆ

ಶಿಷ್ಯ ಕೇಳಿದ: "ಗುರುಗಳೇ, ಊರೂರಿನ ಬಗ್ಗೆ ಜನ ಹೇಳುವ ಸೋಜಿಗಗಳನ್ನು ನಾನು ಹೋಗಿ ನೋಡಿ ಬರುತ್ತೇನೆ. ಈ ಬೆಟ್ಟವೇ ನಾಡಿಗೆಲ್ಲ ಎತ್ತರ ಎಂದರೆ ಪಕ್ಕದ ಬೆಟ್ಟ ಹತ್ತಿ ನೋಡುತ್ತೇನೆ. ಆ ಗುಹೆ ಮೂರು ಹರದಾರಿ ಉದ್ದ ಎಂದರೆ ಒಳಗೆ ಹೋಗಿ ಹೆಜ್ಜೆ ಎಣಿಸುತ್ತೇನೆ. ನಲವತ್ತನೆಯ ಹೆಜ್ಜೆಗೆ ಬಂಡೆ ಅಡ್ಡ ಬರುತ್ತದೆ. ಹೇಳಿದರೆ ಯಾರೂ ಒಪ್ಪುವುದಿಲ್ಲ. ನಿನ್ನ ಹೆಜ್ಜೆ ದೊಡ್ಡದು ಎನ್ನುತ್ತಾರೆ. ಒಪ್ಪದವರ ಮುಂದೆ ಅಳೆದು ಏನು ಪ್ರಯೋಜನ?"

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಬಾವಿ ಇತ್ತು. ಅದಕ್ಕೆ ತಳವಿಲ್ಲ, ಅದರ ನೀರು ನೆಲದಡಿಯಲ್ಲೇ ಕಾಶಿಗೆ ಹೋಗಿ ಗಂಗೆಯನ್ನು ಸೇರುತ್ತದೆ ಎಂದು ಊರಿನವರು ಹೇಳುತ್ತಿದ್ದರು. ಬಾವಿಗೆ ಬಿದ್ದದ್ದೆಲ್ಲ ಕಾಶಿಯಲ್ಲಿ ಏಳುತ್ತದೆ. ಇದಕ್ಕೆ ಸಾಕ್ಷಿಯೂ ಇತ್ತು: ಬಿದ್ದದ್ದು ಒಂದೂ ಆ ಊರಿಗೆ ಹಿಂದಿರುಗಿರಲಿಲ್ಲ. ಬೇರೆ ಊರುಗಳಲ್ಲಿ ಬಾವಿಗೆ ಬಿದ್ದ ಕೊಡ ತೆಗೆಯಲು ಪಾತಾಳಗರಡಿ ಇರುತ್ತದೆ. ಅದು ಕಬ್ಬಿಣದ ಕೊಕ್ಕೆಗಳ ಗೊಂಚಲು. ಹಗ್ಗಕ್ಕೆ ಕಟ್ಟಿ ಇಳಿಸಿದರೆ ತಳದಲ್ಲಿರುವುದು ಸಿಕ್ಕಿಕೊಳ್ಳುತ್ತದೆ. ಈ ಊರಿನವರು ಅದನ್ನು ಇಟ್ಟುಕೊಂಡಿರಲಿಲ್ಲ. ತಳವೇ ಇಲ್ಲದ ಮೇಲೆ ಕೊಕ್ಕೆ ಏಕೆ?

ಆ ಊರಿನಲ್ಲಿ ಒಬ್ಬ ಹೆಂಗಸಿದ್ದಳು. ಮಗಳ ಮದುವೆಗೆಂದು ತಾಮ್ರದ ಬಿಂದಿಗೆ ಕೊಂಡು, ಅದರ ಕಂಠದ ಮೇಲೆ ಮಗಳ ಹೆಸರು ಕೊರೆಸಿದ್ದಳು. ಮದುವೆಗೆ ಮೊದಲೇ ಮಗಳು ತೀರಿಕೊಂಡಳು. ಆ ಹೆಸರನ್ನು ಬೇರೆಲ್ಲೂ ಯಾರೂ ಬರೆದಿರಲಿಲ್ಲ. ಒಂದು ದಿನ ನೀರು ಸೇದುವಾಗ ಕುಣಿಕೆ ಜಾರಿ ಬಿಂದಿಗೆ ಬಾವಿಗೆ ಬಿತ್ತು.

ಊರಿನವರು ಬಂದು ಅವಳನ್ನು ಅಭಿನಂದಿಸಿದರು.

"ಅಳುತ್ತೀಯಲ್ಲ ತಾಯಿ! ನಾವು ಸಾಯುವುದರೊಳಗೆ ಕಾಶಿ ಕಾಣುತ್ತೇವೋ ಇಲ್ಲವೋ, ನಿನ್ನ ಬಿಂದಿಗೆ ನಡೆಯದೆ ಹೋಗಿ ಸೇರಿತು," ಎಂದ ಊರ ಗೌಡ. "ಇನ್ನು ನಿನ್ನ ಮಗಳ ಹೆಸರನ್ನು ಕಾಶಿಯವರು ಓದುತ್ತಾರೆ."

"ಕಾಶಿಯವರಿಗೆ ಅವಳು ಗೊತ್ತಿಲ್ಲವಲ್ಲ, ಗೌಡರೇ," ಎಂದಳು ಅವಳು.

ಆ ವರ್ಷ ಒಬ್ಬ ವ್ಯಾಪಾರಿ ಕಾಶಿಗೆ ಹೊರಟ. ಹೆಂಗಸು ಬಿಂದಿಗೆಯ ಗುರುತು ಹೇಳಿ, ಹುಡುಕಿ ತರುವಂತೆ ಬೇಡಿಕೊಂಡಳು. ಕಾಶಿಯಲ್ಲಿ ವ್ಯಾಪಾರಿ ಅದನ್ನು ಮರೆತ. ಹಿಂದಿರುಗಿದಾಗ ಅವಳು ಊರಬಾಗಿಲಲ್ಲೇ ನಿಂತಿದ್ದಳು. ಮರೆತೆನೆಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ.

"ಕಂಡೆನಮ್ಮ. ಒಬ್ಬ ಸಾಧು ಅದರಲ್ಲಿ ನೀರು ಹೊರುತ್ತಿದ್ದ. ಕೇಳಲು ಮನಸ್ಸಾಗಲಿಲ್ಲ," ಎಂದ.

ಹೀಗೆ ಊರಿನ ಮಾತಿಗೆ ಕಣ್ಣಾರೆ ಕಂಡವನೂ ಒಬ್ಬ ಸಿಕ್ಕಿದ. ಹೆಂಗಸು ಮತ್ತೆ ಕೇಳಲಿಲ್ಲ.

ಆರು ವರ್ಷಗಳ ನಂತರ ಪಾತ್ರೆಗೆ ಕಲಾಯಿ ಹಾಕುವವನೊಬ್ಬ ಆ ಊರಿಗೆ ಬಂದ. ತಾಮ್ರದ ಪಾತ್ರೆ ಇದೆಯೇ ಎಂದು ಹೆಂಗಸನ್ನು ಕೇಳಿದ. "ಒಂದಿತ್ತು. ಈಗ ಕಾಶಿಯಲ್ಲಿದೆ," ಎಂದಳು. ಅವನು ಎಲ್ಲವನ್ನೂ ಕೇಳಿಸಿಕೊಂಡ. ಪಕ್ಕದ ಊರಿಗೆ ಹೋಗಿ, ಬೆಂಕಿ ಊದುವ ತನ್ನ ತಿದಿಯನ್ನು ಒತ್ತೆಯಿಟ್ಟು, ಪಾತಾಳಗರಡಿ ತಂದ.

"ಕಾಶಿ ಮುಟ್ಟುವಷ್ಟು ಹಗ್ಗ ಇದೆಯೇನಪ್ಪ ನಿನ್ನ ಹತ್ತಿರ?" ಎಂದು ಗೌಡ ನಕ್ಕ.

"ಇದ್ದಷ್ಟು ಬಿಡುತ್ತೇನೆ ಗೌಡರೇ. ಸಾಲದಿದ್ದರೆ ನಿಮ್ಮನ್ನು ಕೇಳುತ್ತೇನೆ."

ಹನ್ನೆರಡು ಮಾರು ಇಳಿದ ಮೇಲೆ ಹಗ್ಗ ಸಡಿಲವಾಯಿತು. ಎಳೆದಾಗ ಮೊದಲು ಬಂದದ್ದು ಗೌಡನ ಅಜ್ಜನ ಚೊಂಬು. ಆಮೇಲೆ ಪೂಜಾರಿಯ ಗಂಟೆ. ಮೂರನೆಯ ಸಲ ಬಿಂದಿಗೆ ಬಂತು. ಹೆಂಗಸು ಸೆರಗಿನಿಂದ ಕೆಸರು ಒರೆಸಿದಳು. ಕಂಠದ ಮೇಲೆ 'ಹೊನ್ನವ್ವ' ಎಂದಿತ್ತು. ಅವಳಿಗೆ ಓದು ಬಾರದು. ಅಕ್ಷರಗಳ ಮೇಲೆ ಬೆರಳಾಡಿಸಿದಳು.

ಊರಿನವರು ಬಾವಿಯೊಳಗೆ ಬಗ್ಗಿ ಬಗ್ಗಿ ನೋಡಿದರು. ಕೊನೆಗೆ ಗೌಡ, "ಎಷ್ಟು ಹಗ್ಗ ಹಿಡಿಯಿತು?" ಎಂದು ಕೇಳಿದ.

"ಹನ್ನೆರಡು ಮಾರು."

ಗೌಡ ಊರಿನವರ ಕಡೆ ತಿರುಗಿದ. "ಕೇಳಿದಿರಾ? ನಮ್ಮೂರಿಂದ ಕಾಶಿ ಹನ್ನೆರಡೇ ಮಾರು!"

ಮರುದಿನದಿಂದ ಪರವೂರಿನವರಿಗೆಲ್ಲ ಹಾಗೆಯೇ ಹೇಳತೊಡಗಿದರು. ತಾನು ಹೋದದ್ದು ಬಹಳ ಸುತ್ತಿನ ದಾರಿ ಎಂದು ವ್ಯಾಪಾರಿ ಒಪ್ಪಿಕೊಂಡ.

ಶಿಷ್ಯ ನಕ್ಕು ನಕ್ಕು ಕಣ್ಣೊರೆಸಿಕೊಂಡ. "ನಾನು ಹೇಳಿದ್ದೂ ಇದನ್ನೇ ಗುರುಗಳೇ. ಕಣ್ಣೆದುರಿಗೆ ಅಳೆದು ತೋರಿಸಿದರೂ ಒಬ್ಬನೂ ತಿದ್ದಿಕೊಳ್ಳಲಿಲ್ಲ. ಹಾಗಾದರೆ ಆ ಕಲಾಯಿಯವನು ಅಳೆದದ್ದರಿಂದ ಏನು ಪ್ರಯೋಜನವಾಯಿತು?"

ಗುರುಗಳು ಹೇಳಿದರು: "ಅವಳಿಗೆ ಬಿಂದಿಗೆ ಸಿಕ್ಕಿತು."