ಗೀಜಗನ ಅರ್ಧ ಗೂಡು

ಬಂದುಹೋಗುವವರೆಲ್ಲ ನಿಂತು ನೋಡುವಂಥ ಗೂಡೊಂದು ಕೆರೆಯಂಚಿನ ಜಾಲಿಮರದಲ್ಲಿ ತೂಗಬೇಕೆಂದು ಕೆರೆಯ ಪ್ರಾಣಿಗಳು ಸಮಿತಿ ಮಾಡಿಕೊಂಡು ಗೀಜಗನನ್ನು ಕರೆಸಿದವು.

“ಅರ್ಧ ಹೆಣೆದು ನಿಲ್ಲಿಸುತ್ತೇನೆ,” ಎಂದ ಗೀಜಗ. “ನಮ್ಮಲ್ಲಿ ಹೆಂಡತಿ ಬಂದು ನೋಡುವುದೂ ಆಗಲೇ. ಬೇಕು ಬೇಡ ಏನಿದ್ದರೂ ಆಗ ಹೇಳಿಬಿಡಿ.”

“ನಿನ್ನ ಕೆಲಸಕ್ಕೆ ನಾವ್ಯಾಕೆ ಅಡ್ಡ ಬರೋಣ ಮಾರಾಯ!” ಎಂದ ಅಧ್ಯಕ್ಷ ಕೋಣ, ಕೆಸರಿನಲ್ಲಿ ಮಲಗಿದ್ದಂತೆಯೇ.

ಅರ್ಧವಾದಾಗ ಗೀಜಗ ಮೂರು ದಿನ ಕಾದ. ಒಬ್ಬರೂ ಅತ್ತ ತಲೆಹಾಕಲಿಲ್ಲ. ಪೂರ್ತಿಯಾದ ದಿನ ಮಾತ್ರ ಎಲ್ಲರೂ ಬಂದರು.

“ಬಾಗಿಲು ಕೆಳಗ್ಯಾಕೆ? ಮೇಲಿರಲಿ,” ಎಂದಿತು ಕಪ್ಪೆ.

“ಕೆಳಗೆ ಎರಡು ಉದ್ದನೆಯ ಕಾಲು ಬೇಕು,” ಎಂದಿತು ಕೊಕ್ಕರೆ.

“ಕೊಂಬಿಲ್ಲದೆ ಗಾಂಭೀರ್ಯ ಎಲ್ಲಿಂದ ಬರಬೇಕು?” ಎಂದ ಕೋಣ.

“ಈಗ ಎಳೆದರೆ ಎಲ್ಲವೂ ಬಿಚ್ಚಿಕೊಳ್ಳುತ್ತದೆ ಸ್ವಾಮಿ,” ಎಂದು ಗೀಜಗ ಬೇಡಿಕೊಂಡ. ಯಾರೂ ಕೇಳಲಿಲ್ಲ. ಸಮಿತಿಯೇ ತನ್ನ ಕೊಕ್ಕು, ಕೊಂಬುಗಳಿಂದ ಎಳೆದು ತಿದ್ದಿತು. ಗೀಜಗ ಪಕ್ಕದ ಕೊಂಬೆಗೆ ಹಾರಿದ.

ವಾರ ಕಳೆದು ನೀರಿಗೆ ಬಂದ ಆನೆ, ಜೋತುಬಿದ್ದ ಹುಲ್ಲಿನ ಕಂತೆಯನ್ನು ನೋಡಿ ಕೇಳಿತು: “ಇದು ಯಾರ ಕೆಲಸ?”

ಅಷ್ಟು ದಿನ ‘ನಮ್ಮ ಗೂಡು, ನಮ್ಮ ಗೂಡು’ ಎಂದು ಹೇಳಿಕೊಂಡು ತಿರುಗಿದ್ದ ಸಮಿತಿ ಒಕ್ಕೊರಲಿನಿಂದ ಹೇಳಿತು: “ಗೀಜಗನದು!”

“ನನ್ನದು ಇಲ್ಲಿದೆ, ಆನೆಯಣ್ಣ,” ಎಂಬ ದನಿ ಪಕ್ಕದ ಕೊಂಬೆಯಿಂದ ಬಂತು. ಅಲ್ಲಿ ಹೊಸ ಗೂಡೊಂದು ಅರ್ಧಕ್ಕೆ ನಿಂತಿತ್ತು. “ಹೇಳುವುದೇನಾದರೂ ಇದ್ದರೆ ಈಗಲೇ ಹೇಳಿಬಿಡಿ.”

ಆನೆ ತಿರುಗಿ ನೋಡುವಷ್ಟರಲ್ಲಿ ಕೋಣ ಮತ್ತೆ ಕೆಸರಿಗಿಳಿದು ಕಣ್ಣು ಮುಚ್ಚಿಕೊಂಡಿದ್ದ.