ಪರದೆ ಜಗ್ಗೂ ಗುರ್ಪಾದ

ನಗಾಕಂತ ಕುಂತೀರಿ, ನಗ್ರಿ. ನಾಟಕ ಕಂಪನಿಯೊಳಗ ನೀಲವ್ವ ಅಂತ ಒಬ್ಬಾಕಿ ಇದ್ಲು, ರಾಣಿ ಪಾರ್ಟು. ಎದಿಯೊಳಗ ಕೆಮ್ಮು, ಬಗಲಾಗ ಪೆದ್ದ ಮಗ. ಹೆಸರು ಗುರ್ಪಾದ. ಹೇಳಿದ್ದಷ್ಟ ಮಾಡಾಂವ. ನಾ ಹ್ವಾದಮ್ಯಾಲೆ ಇವನಿಗೆ ಅನ್ನ ಯಾರು ಹಾಕ್ತಾರ ಅನ್ನೂದೊಂದ ಆಕಿ ಚಿಂತಿ. ಮಾಲಕನ ಕಾಲು ಹಿಡಿದು ಮಗನಿಗೆ ಪರದೆ ಕೆಲಸ ಕೊಡಿಸಿದ್ಲು. ಹಗ್ಗ ಜಗ್ಗಿದ್ರ ಪರದೆ ಮ್ಯಾಲೆ, ಬಿಟ್ರ ಕೆಳಗ.

ಮಾಲಕ ಹೇಳಿದ: "ರಾಣಿ ಸತ್ತಕೂಡ್ಲೆ ಪರದೆ ಬಿಡಲೇ!"

ರಾಣಿ ಹಾಡಿ ಸತ್ಲು. ಬಿಟ್ಟ. ಮಂದಿ "ಒನ್ಸ್ ಮೋರ್!" ಅಂತ ಕೂಗಿತು. ಮಂದಿ ಕೂಗಿದ್ರ ಸತ್ತಾಕಿನೂ ಎದ್ದು ಮತ್ತ ಹಾಡಬೇಕು, ಕಂಪನಿ ಪದ್ಧತಿ. ನೀಲವ್ವ ಎದ್ದು ಕುಂತು, "ಎತ್ತೋ ಮಗಾ!" ಅಂದ್ಲು.

"ಸುಮ್ನ ಮಲಗ ಯವ್ವಾ, ನೀ ಸತ್ತೀದಿ!"

ಹೊರಗ ಕುರ್ಚಿ ಮುರಿದ್ವು. ಮಾಲಕ ಬೈದ: "ಖೋಡಿ! ಒನ್ಸ್ ಮೋರ್ ಅಂದ್ರ ಪರದೆ ಎತ್ತಬೇಕು!"

"ಹೂನ್ರಿ."

ಮರುದಿನ ರಾಜ ಪರದೆ ಹಿಂದ ಧೋತರ ಬದಲಿಸ್ತಿದ್ದ. ಹೊರಗ ಯಾವನೋ ಸೋಡಾ ಕುಡಿದು ಅಂಗಡ್ಯಾಂವಗ "ಒನ್ಸ್ ಮೋರ್!" ಅಂದ. ಜಗ್ಗಿದ ನೋಡ್ರಿ ಗುರ್ಪಾದ! ರಾಜ ಬರೇ ಚಡ್ಡಿ ಮ್ಯಾಲೆ, ಬಾಯಾಗ ಬೀಡಿ. ಮಂದಿ ಬಿದ್ದು ಬಿದ್ದು ನಕ್ಕಿತು.

ಮಾಲಕ ಕಪಾಳಕ್ಕ ಬಿಟ್ಟ. "ಇನ್ನೊಮ್ಮೆ ತಪ್ಪಿದ್ರ ತಾಯಿ-ಮಗ ಇಬ್ರೂ ಹೊರಗ!"

ನೀಲವ್ವ ಮಗನ ಕೆನ್ನಿ ಸವರಿ ಅತ್ಲು. "ಮಗಾ, ಯಾರ ಮಾತೂ ಕೇಳಬ್ಯಾಡ. ಹಾಡು ಮುಗಿಸಿ ನಾ ಬೀಳ್ತೀನಿ. ನಾ ಎದ್ದು ಮಂದಿಗೆ ಕೈ ಮುಗಿಯೂತನಕ ಹಗ್ಗ ಬಿಡಬ್ಯಾಡ. ಅಷ್ಟ."

"ಹೂನ್ ಯವ್ವಾ."

ಆವತ್ತು ಆಕಿ ಹಾಡಿದಂಗ ಎಂದೂ ಹಾಡಿರ್ಲಿಲ್ಲ. ಹಾಡಿದ್ಲು, ಕೆಮ್ಮಿದ್ಲು, ಬಿದ್ಲು. "ಒನ್ಸ್ ಮೋರ್!" ಅಂತು ಮಂದಿ. ಏಳಲಿಲ್ಲ. "ಏನ್ ಆ್ಯಕ್ಟಿಂಗಪಾ!" ಅಂತ ಸಿಳ್ಳೆ ಹೊಡೀತು. ಥೂ, ಹಾಳಾದ ಮಂದಿ! ಬಾಯಾಗಿನ ರಕ್ತಾನೂ ಬಣ್ಣ ಅಂದ್ಕೊಂಡಿತು.

ಹಾರ್ಮೋನಿಯಂ ಮಾಸ್ತರ ಓಡಿ ಬಂದು ಆಕಿ ಮೂಗಿಗೆ ಕೈ ಹಿಡಿದ. ಮೆಲ್ಲಗ ಆಕಿ ಕಣ್ಣು ಮುಚ್ಚಿಸಿದ.

"ಬಿಡಲೇ ಹಗ್ಗ!" ಅಂದ ಮಾಲಕ.

"ಅವ್ವ ಎದ್ದಿಲ್ರೀ."

ಮಂದಿ ಮನಿಗೆ ಹ್ವಾತು. ನೀಲವ್ವನ್ನ ಹೊತ್ಕೊಂಡ್ರು, ರಾಣಿ ಸೀರಿ ಮಾತ್ರ ಮಾಲಕ ಬಿಚ್ಚಿಸ್ಕೊಂಡ. "ಅವ್ವನ ಮಣ್ಣಿಗಾದ್ರೂ ಬಾರೋ, ಒಬ್ಬನ ಮಗ ನೀನು!" ಅಂತ ಮಾಸ್ತರ ಅಂಗಲಾಚಿದ. ಗುರ್ಪಾದನ ಅಂಗೈ ಕಿತ್ತು ಹೋಗಿತ್ತು, ಹಗ್ಗ ಬಿಟ್ಟಿರ್ಲಿಲ್ಲ.

"ಹೆಂಗ ಬರ್ಲಿ ಮಾಸ್ತರ? ಕೆಲಸ ಹೋಗ್ತೈತಿ. ಅವ್ವ ಇನ್ನೂ ಕೈ ಮುಗಿದಿಲ್ಲ."